ಠಾಣೆಯ ಮುಂದೆ ಹೆಣ್ಣು ಕೇಳಿದ್ದು

ಫೊರ್ತುನಾತಾ ಹುಟ್ಟಿದ್ದು ಆಂಡೀಸ್ ಬೆಟ್ಟಗಳ ಕೆಳಗಿನ ಬೆಚ್ಚನೆಯ ಕಣಿವೆಯಲ್ಲಿ, ಬಾಳಿದ್ದು ಮೇಲಿನ ಚಳಿಯ ಬಯಲಿನಲ್ಲಿ. ಕಣಿವೆಯವರ ಹತ್ತಿರ ಕೋಕಾ ಎಲೆಯಿತ್ತು, ಆಲೂಗಡ್ಡೆ ಇರಲಿಲ್ಲ. ಬಯಲಿನವರ ಹತ್ತಿರ ಆಲೂಗಡ್ಡೆಯಿತ್ತು, ಎಲೆ ಇರಲಿಲ್ಲ. ಹೀಗಾಗಿ ಎರಡೂ ಕಡೆಯವರು ಮುತ್ತಜ್ಜಂದಿರ ಕಾಲದಿಂದ ಹೆಣ್ಣು ಕೊಟ್ಟು ಹೆಣ್ಣು ತಂದು, ಬೆಳೆದದ್ದನ್ನು ಬದಲಾಯಿಸಿಕೊಂಡು ಬದುಕಿದವರು. ಅವಳೂ ಹಾಗೆ ಘಟ್ಟ ಹತ್ತಿ ಹೋದ ಹೆಣ್ಣು.

ಮದುವೆಯಾಗಿ ಹೋದ ಹೊಸತರಲ್ಲಿ ಅವಳಿಗೆ ಆ ಎತ್ತರದ ಗಾಳಿ ಹಿಡಿಸಲಿಲ್ಲ. ತಲೆ ಸಿಡಿಯುತ್ತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಎದೆ ಬಡಿದುಕೊಳ್ಳುತ್ತಿತ್ತು. ಅತ್ತೆ ಅವಳ ಎರಡು ಕಣತಲೆಗೂ ಎಲೆ ಅಂಟಿಸಿ, ಬಾಯಿಗೆ ಒಂದು ಹಿಡಿ ಎಲೆ, ಜೊತೆಗೆ ವೀಳ್ಯಕ್ಕೆ ಸುಣ್ಣದ ಹಾಗೆ ಚೂರು ಬೂದಿಯುಂಡೆ ತುರುಕಿದಳು. "ಜಗೀಬೇಡ. ದವಡೇಲಿ ಇಟ್ಕೊಂಡು ರಸ ನುಂಗು," ಅಂದಳು. ಸ್ವಲ್ಪ ಹೊತ್ತಿಗೆ ಕೆನ್ನೆ ಜೋಮು ಹಿಡಿಯಿತು, ಆಮೇಲೆ ಉಸಿರು ಹದಕ್ಕೆ ಬಂತು. "ನಿಮ್ಮೂರ ಎಲೆನೇ ಕಣೇ ಅದು. ನಿನಗಿಂತ ಮೊದಲೇ ಇಲ್ಲಿಗೆ ಬಂದು ಸಂಸಾರ ಹೂಡಿದೆ," ಎಂದು ಅತ್ತೆ ನಕ್ಕಳು. ಆ ನಗುವಿನಿಂದಲೇ ಫೊರ್ತುನಾತಾಳಿಗೆ ಅದು ತನ್ನ ಮನೆ ಅನ್ನಿಸಿದ್ದು.

ಅಲ್ಲಿ ಎಲೆಯಿಲ್ಲದೆ ಏನೂ ನಡೆಯುವುದಿಲ್ಲ. ನೆಲಕ್ಕೆ ಗುದ್ದಲಿ ಹಾಕುವ ಮುಂಚೆ ಚೊಕ್ಕಟವಾದ ಮೂರು ಎಲೆ ಆರಿಸಿ, ಉಸಿರು ಊದಿ, ಭೂತಾಯಿಗೆ ಇಡಬೇಕು. ಮನೆಗೆ ಸೂರು ಹೊದಿಸಲು ಬಂದವರಿಗೆ ಮೊದಲು ಎಲೆ, ಆಮೇಲೆ ಗಂಜಿ. ಮಕ್ಕಳ ಹೊಟ್ಟೆನೋವಿಗೆ ಎಲೆಯ ಕಷಾಯ. ಜಗಳ ಆಡಿದವರು ರಾಜಿಯಾದರೆ ಒಬ್ಬರ ಚೀಲದಿಂದ ಇನ್ನೊಬ್ಬರು ಎಲೆ ತೆಗೆದುಕೊಳ್ಳುತ್ತಾರೆ. ಮಾತಿಗಿಂತ ಅದು ಗಟ್ಟಿ.

ಅವಳ ಗಂಡ ಪಾಸ್ಕುವಾಲ್ ತವರದ ಗಣಿಗೆ ಹೋಗುತ್ತಿದ್ದ. ಗಣಿಯೊಳಗೆ ಬುತ್ತಿ ಬಿಚ್ಚಿದರೆ ದೂಳೇ ಊಟ. ಅದಕ್ಕೇ ಅವರು ಹೊಟ್ಟೆಗೆ ಎಲೆಯನ್ನೇ ನಂಬಿದ್ದರು. ದವಡೆಯ ಎಲೆ ಸಪ್ಪೆಯಾದರೆ ವಿರಾಮದ ಹೊತ್ತಾಯಿತು ಅಂತ ಲೆಕ್ಕ. ಹಸಿವನ್ನು ಎಲೆ ತಡೆಯಿತು, ದೂಳನ್ನು ತಡೆಯಲಿಲ್ಲ. ಪಾಸ್ಕುವಾಲ್ ಕೆಮ್ಮಿ ಕೆಮ್ಮಿ ಎಲುಬಿನ ಗೂಡಾಗಿ ಸತ್ತ. ಅವನ ಎದೆಯಲ್ಲಿ ಏನು ತುಂಬಿತ್ತು, ಯಾರು ತುಂಬಿದರು ಅಂತ ಕೇಳಲು ಸರ್ಕಾರದ ಒಂದು ನರಪಿಳ್ಳೆಯೂ ಬರಲಿಲ್ಲ. ನೆರೆಯವರು ಬಂದರು. ಒಬ್ಬೊಬ್ಬರೂ ಒಂದೊಂದು ಹಿಡಿ ಎಲೆ ತಂದು ಅವಳ ಮಡಿಲಿಗೆ ಹಾಕಿ ಪಕ್ಕದಲ್ಲಿ ಕೂತರು.

ಅದೇ ಸರ್ಕಾರ ಎಲೆಯನ್ನು ಹುಡುಕಿಕೊಂಡು ಬಂದೂಕು ಹಿಡಿದು ಬಂತು. ಕಣಿವೆ ಮುಗಿದು ಘಟ್ಟ ಹತ್ತುವ ತಿರುವಿನಲ್ಲಿ ಒಂದು ಠಾಣೆ ಎದ್ದಿತು. ಅಡ್ಡಗಂಬ, ತಗಡಿನ ಶೆಡ್ಡು, ಮೂಟೆ ಚುಚ್ಚಿ ನೋಡಲು ಕಬ್ಬಿಣದ ಸಲಾಕೆ. ದೂರದೇಶದ ಶ್ರೀಮಂತರು ಯಾವುದೋ ಬಿಳಿ ಪುಡಿ ಮೂಗಿಗೆ ಏರಿಸಿಕೊಂಡು ಹಾಳಾಗುತ್ತಿದ್ದಾರಂತೆ. ಆ ಪುಡಿಗೆ ಮೂಲ ಈ ಎಲೆಯಂತೆ. ಹೊರೆ ಹೊರುವ ಲಾಮಾಗೆ ಜ್ವರ ಬಂದರೆ ಕುರಿಗೆ ಬರೆ ಎಳೆದ ಹಾಗಾಯಿತು. ಫೊರ್ತುನಾತಾ ತನ್ನ ಜನ್ಮದಲ್ಲಿ ಕಂಡ ಬಿಳಿ ಪುಡಿಯೆಂದರೆ ಉಪ್ಪೊಂದೇ.

ಆ ವರ್ಷ ಅವಳ ಮಗ ಸೆವೆರೊ, ಪಕ್ಕದೂರಿನ ಮೆಲಿತೋನನ ಮಗಳು ಪ್ರಿಮಿತಿವಾಳನ್ನು ಮೆಚ್ಚಿದ್ದ. ಹುಡುಗಿಯೂ ಒಪ್ಪಿದ್ದಳು. ಉಳಿದದ್ದು ಹೆಣ್ಣು ಕೇಳುವ ಶಾಸ್ತ್ರ. ಗಂಡಿನ ತಂದೆ ಎಲೆ ಹೊತ್ತುಕೊಂಡು ಹೋಗಿ ಕೇಳಬೇಕು. ತಂದೆ ಇಲ್ಲ, ಆದ್ದರಿಂದ ತಾಯಿಯೇ ಹೊರಟಳು. ಕಣಿವೆಯ ತವರಿಗಿಳಿದು, ಅಣ್ಣನ ಮೆಟ್ಟಿಲುಹೊಲದಲ್ಲಿ ತಾನೇ ಎಲೆ ಬಿಡಿಸಿದಳು. ಕರಿಕಲ್ಲಿನ ಕಣದಲ್ಲಿ ಹರಡಿ, ಮೋಡ ಕಂಡರೆ ಓಡಿಬಂದು ಬಳಿದು, ಹಸಿರು ಕೆಡದ ಹಾಗೆ ಒಣಗಿಸಿದಳು. ಮೂಟೆ ಕಟ್ಟಿ ಲಾರಿ ಹತ್ತಿದಳು.

ಠಾಣೆಯಲ್ಲಿ ಸಾರ್ಜೆಂಟ್ ಸಲಾಕೆಯಿಂದ ಮೂಟೆ ತಿವಿದ.

"ಏನಮ್ಮ ಇದು?"

"ಕಾಣ್ತಿಲ್ವಾ? ಎಲೆ."

"ಯಾರಿಗೆ ಮಾರ್ತೀಯ?"

"ಮಾರೋಕಲ್ಲಪ್ಪ. ಮಗನಿಗೆ ಹೆಣ್ಣು ಕೇಳೋಕೆ."

"ಒಂದು ಹೆಣ್ಣಿಗೆ ಒಂದು ಮೂಟೆ ಎಲೆನಾ?"

"ನಿನ್ನ ಹೆಂಡ್ತೀನ ಹ್ಯಾಗೆ ಕೇಳಿದ್ರೋ ನನಗೊತ್ತಿಲ್ಲ. ನಮ್ಮಲ್ಲಿ ಎರಡೂ ಊರು ಕೂತು ಎಲೆ ಹಾಕ್ಕೊಂಡ ಮೇಲೇ ಮಾತು."

ಲಾರಿಯ ಮೇಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಸಾರ್ಜೆಂಟನ ಮುಖ ಕೆಂಪಾಯಿತು. ಅವನು ಲೆಫ್ಟಿನೆಂಟನನ್ನು ಕರೆದ. ಲೆಫ್ಟಿನೆಂಟ್ ಪೇಟೆಯಲ್ಲಿ ಬೆಳೆದವನು, ತಗ್ಗಿದ ದನಿಯವನು. ಮಕ್ಕಳಿಗೆ ಪಾಠ ಹೇಳುವ ಹಾಗೆ ಮಾತಾಡಿದ.

"ನೋಡಮ್ಮ, ಹೋದ ತಿಂಗಳಿಂದ ಕಾನೂನು ಬದಲಾಗಿದೆ. ಇದು ವಿಷ. ಇದರಿಂದ ಮಾಡೋ ಪುಡಿ ಸೇದಿ ಎಲ್ಲೆಲ್ಲೋ ಜನ ಸಾಯ್ತಿದ್ದಾರೆ."

"ಸೇದೋರ ಮೂಗು ಹಿಡ್ಕೊಳ್ಳಿ ಸ್ವಾಮಿ. ನನ್ನ ಬಾಯಿಗೆ ಯಾಕೆ ಕೈ ಹಾಕ್ತೀರಿ?"

"ಕಾನೂನು ಎಲ್ಲರಿಗೂ ಒಂದೇ."

"ಮೆಕ್ಕೆಜೋಳದಲ್ಲಿ ಹೆಂಡ ಮಾಡ್ತಾರೆ. ಕುಡಿದು ಹೆಂಡ್ತೀರಿಗೆ ಹೊಡೀತಾರೆ. ಜೋಳದ ಹೊಲ ಸುಡ್ತೀರಾ?"

ಲೆಫ್ಟಿನೆಂಟ್ ಕೈಸನ್ನೆ ಮಾಡಿದ. ಮೂಟೆ ಶೆಡ್ಡಿನೊಳಗೆ ಹೋಯಿತು. ಅವಳು ಹಿಂದೆಯೇ ಹೋದಾಗ ಸಾರ್ಜೆಂಟ್ ಶಾಲು ಹಿಡಿದು ಎಳೆದ. ತಲೆಯ ಮೇಲಿನ ಟೋಪಿ ಕೆಸರಿಗೆ ಬಿತ್ತು. ಆ ಕಡೆಯ ಹೆಂಗಸಿನ ಟೋಪಿ ನೆಲಕ್ಕೆ ಬೀಳುವುದೆಂದರೆ ಸಣ್ಣ ಮಾತಲ್ಲ. ಗಂಡ ಕೂಡ ಅದನ್ನು ಮುಟ್ಟುವ ಮುಂಚೆ ಯೋಚಿಸುತ್ತಾನೆ. ಬಗ್ಗಿ ಟೋಪಿ ಎತ್ತಿಕೊಳ್ಳುವಾಗ ಶೆಡ್ಡಿನ ಸಂದಿಯಲ್ಲಿ ಅವಳಿಗೆ ಕಂಡದ್ದು ಇಬ್ಬರು ಕಾವಲು ಸಿಪಾಯಿಗಳು. ಇಬ್ಬರ ಕೆನ್ನೆಯೂ ಉಬ್ಬಿತ್ತು. ಕಿತ್ತುಕೊಂಡ ಎಲೆಯನ್ನೇ ದವಡೆಗೆ ಇಟ್ಟುಕೊಂಡು ಚಳಿ ಕಾಯಿಸಿಕೊಳ್ಳುತ್ತಿದ್ದರು. ಲೆಫ್ಟಿನೆಂಟ್ ಅದನ್ನು ನೋಡಿಯೂ ಮುಖ ತಿರುಗಿಸಿದ. ಮೂಟೆ ಹೋದದ್ದನ್ನು ಅವಳು ಹೇಗೋ ತಡೆದುಕೊಳ್ಳುತ್ತಿದ್ದಳೋ ಏನೋ. ಆ ಉಬ್ಬಿದ ಕೆನ್ನೆಗಳನ್ನು ತಡೆದುಕೊಳ್ಳಲಾಗಲಿಲ್ಲ.

ಮನೆಯಲ್ಲಿ ಸೆವೆರೊ ಸಮಾಧಾನ ಮಾಡಲು ನೋಡಿದ. "ಹೋಗ್ಲಿ ಬಿಡವ್ವ. ಪೇಟೆಯಿಂದ ಬ್ರೆಡ್ಡು, ಬಿಯರು ತಗೊಂಡು ಹೋಗೋಣ. ಈಗ ಎಷ್ಟೋ ಜನ ಹಾಗೇ ಮಾಡ್ತಾರೆ."

"ನಾನು ಹೆಣ್ಣು ಕೇಳೋಕೆ ಹೋಗ್ತಿದೀನೋ, ಫುಟ್‌ಬಾಲ್ ಪಂದ್ಯ ನೋಡೋಕೆ ಹೋಗ್ತಿದೀನೋ?" ಎಂದಳು ಫೊರ್ತುನಾತಾ.

ಬರಿಗೈಯಲ್ಲೇ ಹೋದಳು. ಕೇಳಲು ಅಲ್ಲ, ಆದದ್ದನ್ನು ಹೇಳಲು. ಮೆಲಿತೋನನ ನಾಲಗೆ ಹರಿತ ಅಂತ ಊರೆಲ್ಲ ಹೇಳುತ್ತಿತ್ತು. ಕೊಂಕು ಮಾತು ಕೇಳಬೇಕಾದೀತು ಎಂದು ಅವಳು ಹಲ್ಲು ಕಚ್ಚಿಕೊಂಡೇ ಹೊಸಲು ತುಳಿದಳು. ಅವನು ಎಲ್ಲ ಕೇಳಿಸಿಕೊಂಡ.

"ಟೋಪಿ ಕೆಡವಿದೋನು ಯಾರು?" ಎಂದು ಕೇಳಿದ.

"ಸಾರ್ಜೆಂಟು."

"ನನ್ನ ಮಗಳನ್ನ ಕೇಳೋಕೆ ತರ್ತಿದ್ದ ಎಲೆ ತಾನೇ ಅದು?"

"ಹೌದು."

"ಹಾಗಾದ್ರೆ ಕಿತ್ಕೊಂಡಿದ್ದು ನನ್ನ ಮಗಳ ಮರ್ಯಾದೆ. ಎಲೆ ಎಲ್ಲಿದೆಯೋ ನಾನೂ ಅಲ್ಲಿಗೇ ಬರ್ತೀನಿ. ಅಲ್ಲೇ ಕೇಳು. ಉತ್ತರಾನೂ ಅಲ್ಲೇ ಕೊಡ್ತೀನಿ."

ಭಾನುವಾರ ಎರಡೂ ಊರು ಲಾರಿ ಹತ್ತಿ ಘಟ್ಟದ ತಿರುವಿಗೆ ಬಂದವು. ಮುದುಕಿಯರು, ಬಸುರಿಯರು, ಕೊಳಲು ಡೋಲಿನವರು. ಅಡ್ಡಗಂಬದ ಮುಂದೆ ನಡುರಸ್ತೆಯಲ್ಲಿ ಫೊರ್ತುನಾತಾ ನೇಯ್ದ ವಸ್ತ್ರ ಹಾಸಿದಳು. ಒಂದು ಕಡೆ ಗಂಡಿನವರು, ಇನ್ನೊಂದು ಕಡೆ ಹೆಣ್ಣಿನವರು ಕೂತರು. ವಸ್ತ್ರ ಖಾಲಿಯಾಗಿತ್ತು. ಹಿಂದೆ ಮುಂದೆ ಲಾರಿ ಬಸ್ಸುಗಳು ಸಾಲುಗಟ್ಟಿ ನಿಂತವು.

ಲೆಫ್ಟಿನೆಂಟ್ ಹೊರಗೆ ಬಂದ. "ಏಳಿ, ರಸ್ತೆ ಬಿಡಿ."

"ಮದುವೆ ಮಾತು ನಡೀತಿದೆ ಸ್ವಾಮಿ. ಕೊಂಚ ಮೆತ್ತಗೆ ಮಾತಾಡಿ," ಎಂದ ಮೆಲಿತೋನ್. "ಬೀಗಿತ್ತಿ ಎಲೆ ನಿಮ್ಮ ಶೆಡ್ಡಲ್ಲಿದೆ. ತಂದುಕೊಟ್ರೆ ಬೇಗ ಮುಗಿಯುತ್ತೆ."

"ಗುಂಡು ಹಾರಿಸಬೇಕಾಗುತ್ತೆ."

"ಹಾರಿಸಿ. ಹೆಣ್ಣು ಕೇಳೋಕೆ ಕೂತೋರ ಮೇಲೆ ಹಾರಿಸಿದೆ ಅಂತ ನಿಮ್ಮಮ್ಮನಿಗೂ ಒಂದು ಮಾತು ಹೇಳಿ."

ಸಿಪಾಯಿಗಳು ಬಂದೂಕು ಎತ್ತಿದರು. ಫೊರ್ತುನಾತಾ ಹಾಸಿದ ವಸ್ತ್ರದ ಅಂಚು ಸರಿಮಾಡಿದಳು. ಅಷ್ಟರಲ್ಲಿ ನಿಂತ ಬಸ್ಸಿನಿಂದ ಗುರುತಿಲ್ಲದ ಒಬ್ಬ ಮುದುಕಿ ಇಳಿದು ಬಂದಳು. ಸೊಂಟದ ಪುಟ್ಟ ಚೀಲ ಬಿಚ್ಚಿ, ಇದ್ದ ಎಲೆಯನ್ನೆಲ್ಲ ವಸ್ತ್ರದ ಮೇಲೆ ಸುರಿದಳು. "ಶುಭಕಾರ್ಯ. ವಸ್ತ್ರ ಬರಿದಾಗಿರಬಾರದು ಕಂದ," ಎಂದು ಅಲ್ಲೇ ಕೂತಳು. ಅವಳ ಹಿಂದೆ ಲಾರಿ ಡ್ರೈವರ್ ಬಂದ. ಆಮೇಲೆ ಗಣಿಯವರು, ಉಪ್ಪು ಮಾರುವವರು, ಒಬ್ಬ ನರ್ಸು. ಒಬ್ಬೊಬ್ಬರ ಚೀಲದಿಂದಲೂ ಎಲೆ ಉದುರಿತು. ಕಾನೂನು ಬೇಡವೆಂದ ಎಲೆ ಕಾನೂನಿನ ಕಣ್ಣೆದುರೇ ಗುಡ್ಡೆಯಾಯಿತು. ಯಾರನ್ನು ಅಂತ ಹಿಡಿಯುವುದು?

ಲೆಫ್ಟಿನೆಂಟ್ ವೈರ್‌ಲೆಸ್ಸಿನಲ್ಲಿ ಯಾರ ಜೊತೆಗೋ ಮಾತಾಡಿದ. ರಸ್ತೆ ತೆರವಾಗಬೇಕು, ಗಲಾಟೆಯಾಗಬಾರದು ಅಂತ ಮೇಲಿನಿಂದ ಬಂದಿರಬೇಕು. ಹೊರಗೆ ಬಂದು, "ಅವಳ ಮೂಟೆ ಕೊಟ್ಟು ಕಳಿಸಿ," ಎಂದ.

ಶೆಡ್ಡಿನ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ತಗಡಿನಿಂದ ನೀರು ಸೋರಿ ಮೂಟೆಗಳೆಲ್ಲ ನೆನೆದಿದ್ದವು. ಫೊರ್ತುನಾತಾ ತನ್ನ ಮೂಟೆ ಬಿಚ್ಚಿದಳು. ಅವಳು ಮೋಡಕ್ಕೆ ಹೆದರಿ ಹೆದರಿ ಒಣಗಿಸಿದ ಎಲೆ ಕಪ್ಪಗೆ ಲೋಳೆಯಾಗಿತ್ತು. ಅವಳು ಅಳಲಿಲ್ಲ. ಒಂದು ಹಿಡಿ ತೆಗೆದುಕೊಂಡು ಹೋಗಿ, ಮತ್ತೆ ಒಳಗೆ ಕೂತಿದ್ದ ಲೆಫ್ಟಿನೆಂಟನ ಮೇಜಿನ ಮೇಲೆ ಇಟ್ಟಳು.

"ವಿಷ ಅಂದ್ಯಲ್ಲ, ಸುಟ್ಟಿದ್ರೆ ನಿನ್ನ ಮಾತು ನಿಜ ಅಂತಿದ್ದೆ. ನಿನ್ನ ಹುಡುಗರು ಬೇಕಾದಷ್ಟು ತಿಂದ್ರು, ಮಿಕ್ಕಿದ್ದು ಕೊಳೆಸಿದ್ರಿ. ನಿನ್ನ ಕಾನೂನು ಹೀಗೆ ನಾರುತ್ತೆ. ಮೂಸಿ ನೋಡು."

ಅವನು ಮೂಸಲಿಲ್ಲ. ಮೇಜಿನ ಕಾಗದಗಳನ್ನು ಆಚೆ ಸರಿಸಿಕೊಂಡ.

ಅವಳು ಹಿಂತಿರುಗಿ ಬಂದು ಕೂತು, ದಾರಿಹೋಕರು ಕೊಟ್ಟ ಎಲೆಯನ್ನು ಬೊಗಸೆ ತುಂಬ ಎತ್ತಿದಳು. "ಬೀಗ್ರೇ, ನಿಮ್ಮ ಮಗಳನ್ನ ನಮ್ಮ ಮನೆಗೆ ಕೇಳ್ತಿದೀನಿ," ಎಂದಳು. ಅವಳ ದನಿ ಇನ್ನೂ ಸಿಟ್ಟಿನಿಂದ ನಡುಗುತ್ತಿತ್ತು.

"ಬೈಯೋ ಹಾಗೆ ಕೇಳ್ತೀರಲ್ಲ," ಎಂದ ಮೆಲಿತೋನ್. ಜನ ನಕ್ಕರು. ಅವನು ಮಗಳ ಮುಖ ನೋಡಿದ. ಪ್ರಿಮಿತಿವಾ ತಾನೇ ಮುಂದೆ ಬಂದು ಅತ್ತೆಯಾಗುವವಳ ಬೊಗಸೆಯಿಂದ ಎಲೆ ತೆಗೆದುಕೊಂಡಳು. ಆಮೇಲೆ ಅಪ್ಪ ಎರಡೂ ಕೈಯೊಡ್ಡಿದ. ಡೋಲು ಬಡಿಯಿತು. ಸಾಲು ನಿಂತ ಲಾರಿಗಳು ಹಾರ್ನ್ ಹೊಡೆದವು.

ಕತೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಮುಂದಿನ ವಾರ ರಸ್ತೆ ತಡೆದ ತಪ್ಪಿಗೆ ಅವಳನ್ನೂ ಮೆಲಿತೋನನನ್ನೂ ಹಿಡಿದುಕೊಂಡು ಹೋದರು. ಬೀಗರಿಬ್ಬರೂ ಪೇಟೆಯ ಲಾಕಪ್ಪಿನಲ್ಲಿ ಗೋಡೆಯ ಆಚೆ ಈಚೆ ಕೂತು ಮದುವೆಗೆ ಎಷ್ಟು ಕುರಿ ಕಡಿಯಬೇಕೆಂದು ಜಗಳವಾಡಿದರು. ಹೊರಗೆ ಬಂದ ಮೇಲೆ ಮದುವೆ ಆಯಿತು. ಸಾರ್ಜೆಂಟನಿಗೆ ಬಡ್ತಿ ಆಯಿತೆಂದೂ ಕೇಳಿಬಂತು. ವರ್ಷಗಳು ಕಳೆದು ಸರ್ಕಾರ ಬದಲಾಯಿತು, ಠಾಣೆ ಪಾಳು ಬಿತ್ತು. ಒಂದು ಹಬ್ಬದ ದಿನ ಯಾರೋ ದೊಡ್ಡ ಮನುಷ್ಯ ಕೊರಳಿಗೆ ಎಲೆಯ ಹಾರ ಹಾಕಿಕೊಂಡು ಬಯಲಿಗೆ ಬಂದು, ಎಲೆ ನಮ್ಮ ಹೆಮ್ಮೆ ಎಂದು ಭಾಷಣ ಬಿಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೊರ್ತುನಾತಾಳ ಕೈ ಶಾಲಿನೊಳಗೇ ಇತ್ತು. "ಎಲೆಗೆ ಇವನ ಸರ್ಟಿಫಿಕೇಟು ಬೇಕಿತ್ತಾ? ನಾವು ಒದೆ ತಿನ್ನುವಾಗ ಇವನ ಕೊರಳು ಎಲ್ಲಿತ್ತಂತೆ?" ಎಂದು ಪಕ್ಕದವಳಿಗೆ ಹೇಳಿದಳು.

ಊರಿನ ಪಾದ್ರಿ ಒಳ್ಳೆಯ ಮನುಷ್ಯ. ಅವಳಿಗೆ ವಯಸ್ಸಾಗುತ್ತಿದೆ, ಮನಸ್ಸಿನ ಭಾರ ಇಳಿಸಿಕೊಳ್ಳಲಿ ಎಂದು ಒಂದು ಸಲ ಮೆಲ್ಲಗೆ ಹೇಳಿದ. "ಫೊರ್ತುನಾತಮ್ಮ, ಆ ಠಾಣೆಯವರನ್ನ ಇನ್ನಾದ್ರೂ ಕ್ಷಮಿಸಬಾರದಾ?"

"ಅವರು ಬಂದು ಕೇಳ್ಬೇಕಲ್ಲ ಫಾದರ್," ಎಂದಳು ಅವಳು. "ಇವತ್ತಿನವರೆಗೂ ಯಾರೂ ಕೇಳಿಲ್ಲ."

ಅಷ್ಟು ಹೇಳಿ, ದವಡೆಯ ಎಲೆಯನ್ನು ಇನ್ನೊಂದು ಕೆನ್ನೆಗೆ ಸರಿಸಿಕೊಂಡು, ಆಲೂಗಡ್ಡೆ ಬಿತ್ತುತ್ತಿದ್ದ ಸೊಸೆಯ ಕಡೆಗೆ ನಡೆದಳು.