ಅವ್ವ ಗಾಳ ಹಾಕಿದ್ದು

ಅವ್ವ ಹುಟ್ಟಿದ ದಿನ ಯಾವುದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಊರಿನ ಎಲ್ಲ ಮಕ್ಕಳಿಗೂ ಬರೆದ ಹಾಗೆ ಅವಳಿಗೂ ಜೂನ್ ಒಂದು ಎಂದು ಬರೆದರಂತೆ. ಆಧಾರ್ ಕಾರ್ಡಿಗೂ ಅದೇ ಬಂತು. ನಾವು ಮಕ್ಕಳು ದೊಡ್ಡವರಾದ ಮೇಲೆ ಅದನ್ನೇ ಹುಟ್ಟುಹಬ್ಬ ಅಂತ ಮಾಡಿ, ಒಂದು ಸೀರೆ ತಂದುಕೊಡುತ್ತಿದ್ದೆವು. ಅವಳು ಬೆರಳಲ್ಲಿ ಸೆರಗು ಮುಟ್ಟಿ ನೋಡಿ, ಚಲೋ ಐತಿ ಎಂದು ಟ್ರಂಕಿನಲ್ಲಿ ಇಡುತ್ತಿದ್ದಳು.

ಒಂದು ವರ್ಷ ಬೇಸಿಗೆಗೆ ನಾನು ಮುಂಡಗೋಡದಿಂದ ದಾಂಡೇಲಿಗೆ, ತವರಿಗೆ ಬಂದಿದ್ದೆ. "ಈ ಸಲ ಯಾವ ಬಣ್ಣದ ಸೀರಿ ತರ್ಲಿ?" ಎಂದು ಕೇಳಿದೆ. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಸೀರಿ ಬ್ಯಾಡ. ನಂಗ ಒಮ್ಮೆ ಗಾಳಾ ಹಾಕ್ಬೇಕಂತ ಆಸೆ ಐತಿ."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ನಕ್ಕುಬಿಟ್ಟ. ಅವ್ವ ನಗಲಿಲ್ಲ.

ಅಪ್ಪ ಪೇಪರ್ ಮಿಲ್ಲಿನಲ್ಲಿ ದುಡಿದವನು. ವಾರದ ರಜೆ ಬಂತೆಂದರೆ ಬಿದಿರಿನ ಗಾಳದ ಕೋಲು ಹೆಗಲಿಗೇರಿಸಿ ಗೆಳೆಯರ ಜೊತೆ ಹೊರಟುಬಿಡುತ್ತಿದ್ದ. ಮಧ್ಯಾಹ್ನ ಹೊರಳುವ ಹೊತ್ತಿಗೆ ಅವರ ನಗು ಓಣಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ಅವ್ವ ಆಗಲೇ ಹಿತ್ತಲಲ್ಲಿ ಈಳಿಗೆ, ಬೂದಿ, ನೀರು ಜೋಡಿಸಿ ಕುಳಿತಿರುತ್ತಿದ್ದಳು. ಹುರುಪೆ ಹೆರೆಯುವವಳು ಅವಳು, ಕಿವಿರು ತೆಗೆಯುವವಳು ಅವಳು, ಖಾರ ಅರೆಯುವವಳು ಅವಳು. ರವೆ ಹಚ್ಚಿ ಕರಿದ ತುಂಡುಗಳನ್ನು ಒಂದೊಂದೇ ಹಂಚಿನಿಂದ ಎತ್ತಿ ಅಪ್ಪನ ತಾಟಿಗೆ, ನಮ್ಮ ತಾಟಿಗೆ ಹಾಕುತ್ತಿದ್ದಳು. ಆ ವಾಸನೆಗೆ ಪಕ್ಕದ ಮನೆಯ ಬೆಕ್ಕುಗಳೆಲ್ಲ ನಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದವು. ಕೊನೆಗೆ ಅವ್ವನಿಗೆ ಉಳಿಯುತ್ತಿದ್ದುದು ಬಾಲದ ತುಂಡು, ತಳ ಹಿಡಿದ ರವೆಪುಡಿ. ಅವಳಿಗೆ ಅದೇ ಇಷ್ಟ ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಅಪ್ಪನಿಗೆ ಎದೆನೋವು ಬಂತು. ಧಾರವಾಡದಲ್ಲಿ ಸ್ಟೆಂಟ್ ಹಾಕಿದರು. ಕರಿದದ್ದು ಬೇಡವೇ ಬೇಡ, ಮೀನು ತಿನ್ನಿ, ಆದರೆ ಬೇಯಿಸಿ ತಿನ್ನಿ ಎಂದರು ಡಾಕ್ಟರು. ಅವ್ವ ಒಂದೆರಡು ಸಲ ನೀರಲ್ಲಿ ಬೇಯಿಸಿ ಕೊಟ್ಟಳು. "ಇದು ಮೀನಲ್ಲ, ರೋಗಿ ಊಟ" ಎಂದು ಅಪ್ಪ ತಾಟು ಸರಿಸಿದ. ಆಮೇಲೆ ಮೀನನ್ನೇ ಬಿಟ್ಟ. ಗಾಳದ ಕೋಲನ್ನು ಅಟ್ಟಕ್ಕೆ ಸೇರಿಸಿದ. ಭಾನುವಾರ ಬಂದರೆ ಟಿವಿ ಮುಂದೆ ಕೂತು ಚಾನೆಲ್ ಬದಲಿಸುತ್ತ ಹೊತ್ತು ಕಳೆಯುತ್ತಿದ್ದ.

ಹೀಗಿರುವಾಗ ಅವ್ವ ಗಾಳದ ಮಾತು ತೆಗೆದಿದ್ದಳು.

"ಹುಚ್ಚೇನ ನಿಂಗ? ಹೊಳ್ಯಾಗ ಮೊಸಳಿ ಅದಾವು," ಎಂದ ಅಪ್ಪ.

"ಹೊಳಿಗೆ ಯಾಕ? ಹಳಿಯಾಳ ಕಡೆ ಕೆರಿ ಇಲ್ಲೇನು? ನೀವು ಬರದಿದ್ರ ಬಿಡ್ರಿ. ಮಗಳು ಕರಕೊಂಡು ಹೋಗ್ತಾಳ."

ಅಪ್ಪ ಮತ್ತೆ ಪೇಪರಿನಲ್ಲಿ ಮುಖ ಹುದುಗಿಸಿದ. ಸಂಜೆ ನೋಡಿದರೆ ಅಟ್ಟದಿಂದ ಕೋಲುಗಳನ್ನು ಇಳಿಸಿ, ಹಿತ್ತಲಲ್ಲಿ ಕೂತು ಹೊಸ ನೈಲಾನ್ ದಾರ ಕಟ್ಟುತ್ತಿದ್ದ.

ಜೂನ್ ಒಂದರ ಬೆಳಿಗ್ಗೆ ನಮ್ಮ ಹಳೆಯ ವ್ಯಾನಿನಲ್ಲಿ ಹೊರಟೆವು. ನಾನೇ ಓಡಿಸಿದೆ. ಎರಡು ದಿನ ಮೊದಲು ಒಂದು ದೊಡ್ಡ ಮಳೆ ಬಿದ್ದು, ರಸ್ತೆಯ ಪಕ್ಕದ ತೇಗದ ಮರಗಳು ತೊಳೆದಿಟ್ಟಂತೆ ಕಾಣುತ್ತಿದ್ದವು. ಅಪ್ಪನಿಗೆ ಪರಿಚಯದವರೊಬ್ಬರು ಗುತ್ತಿಗೆ ಹಿಡಿದಿದ್ದ ಕೆರೆ ಅದು. ಗಾಳ ಹಾಕಲು ಹೂಂ ಅಂದಿದ್ದರು. ಬೇಸಿಗೆಗೆ ನೀರು ಇಳಿದು, ಏರಿಯ ಕೆಳಗೆ ಬಿರುಕು ಬಿಟ್ಟಿದ್ದ ಕೆಸರು ಮಳೆಗೆ ಮತ್ತೆ ಮೆತ್ತಗಾಗಿತ್ತು. ಒಂದು ಹೊಂಗೆ ಮರದ ನೆರಳು ನೋಡಿ ಕೂತೆವು.

ಅಪ್ಪ ಪಾಠ ಶುರುಮಾಡಿದ. ಎರೆಹುಳು ಹೀಗೆ ಪೋಣಿಸಬೇಕು, ಬೆಂಡು ಅಲುಗಿದ ಕೂಡಲೇ ಎಳೆಯಬಾರದು, ಮುಳುಗಿದ ಮೇಲೆ ಎಳೆಯಬೇಕು, ಮುಖ್ಯವಾಗಿ ಮಾತಾಡಬಾರದು. ಬಚ್ಚಲ ಹಿಂದಿನ ಹಸಿಮಣ್ಣಿನಿಂದ ಎರೆಹುಳು ಅಗೆದು ಡಬ್ಬಿಗೆ ತುಂಬಿಕೊಂಡು ಬಂದವಳೇ ಅವ್ವ. ಹೂ ಕಟ್ಟುವಷ್ಟು ಸಲೀಸಾಗಿ ಪೋಣಿಸಿ ಗಾಳ ಎಸೆದಳು. ಸುಮ್ಮನಿರುವುದು ಮಾತ್ರ ಅವಳ ಕೈಲಿ ಆಗಲಿಲ್ಲ.

"ಬಾರವಾ, ಬಾ. ಹಸದಿರ್ತಿ. ಇಷ್ಟ್ ತಿನ್ನು ಬಾ," ಎಂದು ನೀರಿಗೆ ಹೇಳುತ್ತಿದ್ದಳು.

"ಏ, ಅದೇನು ನೆರಮನಿಯಾಕೀನ? ಬಾಯಿ ಮುಚ್ಚು," ಎಂದ ಅಪ್ಪ.

"ನಿಮ್ಮ ಕಡೆ ಬರೂದಿಲ್ಲಂದ್ರ ನಾ ಏನ್ ಮಾಡ್ಲಿ?"

ಸಣ್ಣ ಜಿಲೇಬಿ ಮೀನುಗಳು ಒಂದಾದ ಮೇಲೊಂದು ಅವಳ ಗಾಳಕ್ಕೇ ಬಿದ್ದವು. ಅಪ್ಪ ಜಾಗ ಬದಲಿಸಿದ, ಹುಳು ಬದಲಿಸಿದ, ಕಣ್ಣಿಗೆ ಬಿಸಿಲು ಬೀಳುತ್ತದೆ ಎಂದ. ಏನೂ ಸಿಗಲಿಲ್ಲ. ಬಿಸಿಲು ಏರಿದ ಮೇಲೆ ಅವ್ವನ ಬೆಂಡು ಒಮ್ಮೆಲೇ ಮಾಯವಾಯಿತು. ಕೋಲು ಬಿಲ್ಲಿನಂತೆ ಬಗ್ಗಿತು. ಅಪ್ಪ ಎದ್ದು ಬಂದು ಅವಳ ಕೈಯಿಂದ ಕೋಲು ಕಸಿಯಲು ಹೋದ.

"ಬಿಡ್ರಿ! ಇದು ನಂದು!"

ಅಷ್ಟು ದೊಡ್ಡ ದನಿ ಅವ್ವನ ಬಾಯಿಂದ ಅಪ್ಪನ ಎದುರು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಪ್ಪನೂ ಕೇಳಿರಲಿಕ್ಕಿಲ್ಲ. ಕೈ ಹಿಂದೆ ತೆಗೆದುಕೊಂಡ. ಅವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕೆಸರಿಗೆ ಇಳಿದು, ಹಿಂದೆ ಹಿಂದೆ ನಡೆಯುತ್ತ ಮೀನನ್ನು ದಂಡೆಗೆ ಎಳೆದು ತಂದಳು. ಅಂಗೈಗಿಂತ ಎಷ್ಟೋ ಉದ್ದದ ರೋಹು. ಅದರ ಮೇಲೆ ಎರಡೂ ಕೈ ಒತ್ತಿ ಕೂತು, ಉಸಿರು ಬಿಡುತ್ತ, ಮುಖಕ್ಕೆಲ್ಲ ಕೆಸರು ಸಿಡಿಸಿಕೊಂಡು ನಮ್ಮನ್ನು ನೋಡಿ ನಕ್ಕಳು. ಅವಳ ಚಿಕ್ಕಂದಿನ ಮುಖ ಹೇಗಿದ್ದಿರಬಹುದು ಎಂದು ನನಗೆ ಅವತ್ತು ಗೊತ್ತಾಯಿತು.

ಅಡುಗೆಯೂ ಕೆರೆ ದಂಡೆಯಲ್ಲೇ. ಅಪ್ಪ ಚೀಲ ತಡಕಿದ. ಹಂಚೂ ಇರಲಿಲ್ಲ, ಎಣ್ಣೆ ಬಾಟಲಿಯೂ ಇರಲಿಲ್ಲ. ಬಾಳೆ ಎಲೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಒಂದು ಡಬ್ಬಿಯಲ್ಲಿ ಹಸಿರು ಖಾರ.

"ಕೆರಿ ದಂಡಿಗೂ ಆಸ್ಪತ್ರಿ ಊಟಾನೇ ತಂದಿ?"

ಅವ್ವ ಪುಳ್ಳೆ ಕೂಡಿಸಿ ಬೆಂಕಿ ಹಚ್ಚಿದಳು. ನಮ್ಮ ಪಕ್ಕದ ಮನೆಯ ಹೆಂಗಸು ಜೋಯಿಡಾ ಕಡೆಯವರು, ಕೊಂಕಣಿ ಮಾತಾಡುವವರು. "ತೇಲ ನಾಕಾ" ಎಂದು, ಎಣ್ಣೆಯೇ ಬೇಕಿಲ್ಲ ಎಂದು, ಅವ್ವನಿಗೆ ಹೇಳಿಕೊಟ್ಟಿದ್ದರು. ಕೊತ್ತಂಬರಿ, ಹಸಿಮೆಣಸು, ಬೆಳ್ಳುಳ್ಳಿ, ಶುಂಠಿ, ಹುಳಿಗೆ ನೆನೆಸಿದ ಮುರುಗಲ ಸಿಪ್ಪೆ, ಎಲ್ಲ ಸೇರಿಸಿ ಮನೆಯಲ್ಲೇ ಅರೆದುಕೊಂಡಿದ್ದಳು. ಉಪ್ಪೂ ಕಡಿಮೆ. ಮೀನಿಗೆ ಗೀರು ಹಾಕಿ ಅದನ್ನು ಒಳಗೂ ಹೊರಗೂ ಸವರಿದಳು. ಬೆಂಕಿಯ ಮೇಲೆ ಬಾಡಿಸಿದ ಬಾಳೆ ಎಲೆಯಲ್ಲಿ ಎರಡು ಸುತ್ತು ಸುತ್ತಿ, ಬಾಳೆ ನಾರಿನಿಂದ ಕಟ್ಟಿ ಕೆಂಡದ ಮೇಲಿಟ್ಟಳು. ಹೊರಗಿನ ಎಲೆ ಕಪ್ಪಾಗುತ್ತ ಬಂದಂತೆ ಗಂಟಿನ ಸಂದಿಯಿಂದ ಹಬೆ ಹೊರಟಿತು.

ಎಲೆ ಬಿಚ್ಚಿದಾಗ ಮೀನು ಹಸಿರು ರಸದಲ್ಲಿ ಮಿನುಗುತ್ತ ಬೆಂದಿತ್ತು. ಅಪ್ಪ ರೊಟ್ಟಿ, ಚಟ್ನಿ ತೆಗೆದುಕೊಂಡು ಆಚೆ ತಿರುಗಿ ಕೂತ. ಅವ್ವ ಕರೆಯಲಿಲ್ಲ, ಒತ್ತಾಯ ಮಾಡಲಿಲ್ಲ. ನಡುವಿನ ದಪ್ಪ ತುಂಡನ್ನು ಮುರಿದು ತನ್ನ ಎಲೆಗೇ ಹಾಕಿಕೊಂಡು ಉಣ್ಣತೊಡಗಿದಳು. ನಾನು ಕೈಯಲ್ಲಿ ರೊಟ್ಟಿ ಹಿಡಿದು ನೋಡುತ್ತಲೇ ಇದ್ದೆ. ಆ ತುಂಡು ನಮ್ಮ ಮನೆಯಲ್ಲಿ ಯಾವತ್ತೂ ಅಪ್ಪನದು.

ಸ್ವಲ್ಪ ಹೊತ್ತಿಗೆ ಅಪ್ಪ ಈಚೆ ತಿರುಗಿದ.

"ಹೆಂಗೈತಿ?"

"ನಾ ಹೇಳಿದ್ರ ನೀವು ನಂಬೂದಿಲ್ಲ. ತಿಂದು ನೋಡ್ರಿ."

ಅಪ್ಪ ಒಂದು ಚೂರು ಬಾಯಿಗಿಟ್ಟ. ಅಗಿದ. ಇನ್ನೊಂದು ಚೂರು ತೆಗೆದುಕೊಂಡ. "ಕರದ್ರ ಬರೂ ರುಚಿನೇ ಬ್ಯಾರೆ," ಎಂದ. ಹಾಗೆ ಹೇಳುತ್ತಲೇ ತಲೆಯ ಭಾಗವನ್ನು ಎಲೆಗೆ ಹಾಕಿಸಿಕೊಂಡು, ಮುಳ್ಳು ಮುಳ್ಳಿನ ಸಂದಿಯನ್ನೂ ಬಿಡದೆ ಚೀಪಿದ. ಎಲೆಗೆ ಅಂಟಿದ್ದ ರಸವನ್ನು ರೊಟ್ಟಿಯ ಚೂರಿನಿಂದ ಒರೆಸಿಕೊಂಡ. ಅವ್ವ ಕೆರೆಯ ಕಡೆ ನೋಡುತ್ತ ಕೂತಿದ್ದಳು.

ಮುಂಡಗೋಡಕ್ಕೆ ಮರಳಿದ ಮೇಲೆ ನಾನು ಟಿಬೆಟನ್ ಕಾಲೊನಿಗೆ ಹೋಗಿ, ಮೊಮೊ ಹಬೆಯಲ್ಲಿ ಬೇಯಿಸುವ ಮೂರಂತಸ್ತಿನ ಅಲ್ಯುಮಿನಿಯಂ ಪಾತ್ರೆ ಕೊಂಡೆ.

"ಮನ್ಯಾಗ ಮೊಮೊ ಮಾಡ್ತೀರೇನ್ರಿ ಅಕ್ಕಾರ?" ಎಂದಳು ಅಂಗಡಿಯ ಟಿಬೆಟನ್ ಹೆಂಗಸು.

"ಇಲ್ರಿ, ಮೀನಿಗೆ."

ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ದಾಂಡೇಲಿಗೆ ತಲುಪಿಸಿದ ಆ ಪಾತ್ರೆಯನ್ನು ಅಪ್ಪ ತನ್ನದು ಮಾಡಿಕೊಂಡ. ಒಲೆಯ ಬಳಿ ಯಾವತ್ತೂ ಸುಳಿಯದವನು ಮೇಲೆ ಮೀನು, ನಡುವೆ ನುಗ್ಗೆಕಾಯಿ, ಕೆಳಗೆ ಗೆಣಸು ಇಟ್ಟು, ಮುಚ್ಚಳ ತೆರೆಯುವ ಹೊತ್ತನ್ನು ತಾನೇ ನಿರ್ಧರಿಸತೊಡಗಿದ. ಅವ್ವ ತೆರೆಯಲು ಹೋದರೆ, "ಹಬಿ ಹೋಗ್ತೈತಿ, ತಡಿ" ಎಂದು ಗದರುತ್ತಿದ್ದ. ಗಾಳದ ಕೋಲು ಮತ್ತೆ ಅಟ್ಟ ಹತ್ತಲಿಲ್ಲ. ಪ್ರತಿ ಜೂನ್‌ಗೆ ಮೂವರೂ ಕೆರೆಗೆ ಹೋಗುತ್ತಿದ್ದೆವು.

ಅಪ್ಪ ಈಗ ಇಲ್ಲ. ಅವ್ವ ನನ್ನ ಜೊತೆ ಇದ್ದಾಳೆ. ನಾವು ಮೂವರೂ ಕೂಡಿ ಹೋದ ಕೊನೆಯ ಸಲ ಯಾರ ಗಾಳಕ್ಕೂ ಒಂದು ಮೀನೂ ಬೀಳಲಿಲ್ಲ. ರೊಟ್ಟಿ ಚಟ್ನಿ ತಿಂದು, ಹಳಿಯಾಳದ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಮೀನು ಕೊಂಡೆವು. "ಓಣ್ಯಾಗ ಯಾರಿಗೂ ಹೇಳಬ್ಯಾಡ್ರಿ" ಎಂದು ಅವ್ವ ದಾರಿಯುದ್ದಕ್ಕೂ ಹೇಳಿದಳು. ಅಪ್ಪ ವ್ಯಾನಿನಿಂದ ಇಳಿಯುತ್ತಲೇ ಚೀಲ ಎತ್ತಿ ಹಿಡಿದು, ಎದುರು ಮನೆಯವರಿಗೆ ಕೇಳುವಂತೆ ಕೂಗಿದ: "ಬರ್ರೀ, ನೋಡ್ ಬರ್ರಿ! ನಮ್ಮಾಕಿ ಪ್ಯಾಟ್ಯಾಗ ಹಿಡದ ಮೀನಾ!"