ತರಗತಿಯನ್ನೆಲ್ಲ ನಗಿಸಿದವಳು

ಹೊಲಿಗೆ ಮೆಷಿನ್ ರಿಪೇರಿ ಮಾಡುವ ಅವರ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿತ್ತು. ಅಂಗಡಿ ಎನ್ನುವುದೇ ದೊಡ್ಡ ಮಾತು; ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಮೂವತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು, ನೂಲಿನ ಸಿಕ್ಕು ಬಿಡಿಸಿ, ತುಕ್ಕು ಹಿಡಿದ ಚಕ್ರಗಳಿಗೆ ಎಣ್ಣೆ ಬಿಟ್ಟು ಜೀವನ ಸಾಗಿಸಿದವರು. ಬೀದಿಯವರಿಗೆಲ್ಲ ಅವರು ‘ಮೆಷಿನ್ ಮಾಮ’.

ಮಾಮನಿಗೆ ಒಬ್ಬಳೇ ಮಗಳಿದ್ದಳು. ಹನ್ನೊಂದನೇ ವರ್ಷದಲ್ಲಿ ಮಿದುಳು ಜ್ವರ ಬಂದು, ಸೋಮವಾರ ಆಸ್ಪತ್ರೆಗೆ ಸೇರಿದವಳು ಗುರುವಾರ ತೀರಿಕೊಂಡಳು. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಮಗಳೆಂದರೆ ಅವರ ಕಣ್ಮುಂದೆ ಬರುತ್ತಿದ್ದದ್ದು ಒಂದೇ ಚಿತ್ರ: ಗೋಡೆಗೆ ಒರಗಿ ಕೂತು, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ‘ಹೂಂ’, ‘ಊಹೂಂ’ ಎನ್ನುವ ಹುಡುಗಿ. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳು. ಯಾರಾದರೂ ವಿಚಾರಿಸಿದರೆ “ತುಂಬ ಸಾಧು ಮಗು” ಎನ್ನುತ್ತಿದ್ದರು. ಹೇಳಿ ಹೇಳಿ ಆ ಮಾತು ಎಷ್ಟು ಸವೆದಿತ್ತೆಂದರೆ, ಚಕ್ರಕ್ಕೆ ಎಣ್ಣೆ ಬಿಡುತ್ತಲೇ ಹೇಳಿಬಿಡುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ತನ್ನ ತಾಯಿಯ ಹಳೇ ಮೆಷಿನ್ ಎತ್ತಿಕೊಂಡು ಏದುಸಿರು ಬಿಡುತ್ತ ಬಂದಳು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ ಎಂದಳು. ಮಾಮ ಚಕ್ರ ತಿರುಗಿಸಿ ನೋಡಿದರು. ಎದುರಿಗೆ ಜನ ಇರುವುದನ್ನು ಮರೆತು ಮೆಷಿನ್ನನ್ನೇ ಕೇಳಿದರು: “ಏನಮ್ಮಾ, ಎಲ್ಲಿ ನೋವು? ಯಾರು ಏನಂದ್ರು ನಿಂಗೆ?”

ಹೆಂಗಸು ಫಕ್ಕನೆ ನಕ್ಕಳು. ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು.

“ಅಯ್ಯೋ, ಅಂಕಲ್, ನೀವು ಅವಳ ಅಪ್ಪ! ನಾನು ಐದನೇ ಕ್ಲಾಸಲ್ಲಿ ನಿಮ್ಮ ಮಗಳ ಪಕ್ಕದಲ್ಲೇ ಕೂರ್ತಿದ್ದೆ. ಅವಳು ಥೇಟ್ ಹೀಗೇ ಮಾಡಿ ತೋರಿಸ್ತಿದ್ಲು. ಡಸ್ಟರ್ ಕೈಲಿ ಹಿಡ್ಕೊಂಡು ‘ಏನಮ್ಮಾ, ಎಲ್ಲಿ ನೋವು?’ ಅಂತ. ಕ್ಲಾಸೆಲ್ಲ ಬಿದ್ದು ಬಿದ್ದು ನಗೋದು.”

“ನನ್ನ ಮಗಳಾ? ಇಲ್ಲಮ್ಮಾ, ಬೇರೆ ಯಾರೋ ಇರ್ಬೇಕು. ಅವಳು ಮಾತೇ ಆಡ್ತಿರ್ಲಿಲ್ಲ.”

“ಅವಳಾ? ಅವಳ ಬಾಯಿ ಮುಚ್ಸೋಕೆ ಅಂತ್ಲೇ ಟೀಚರ್ ನಮ್ಮನ್ನ ಮುಂದಿನ ಬೆಂಚಿಗೆ ಹಾಕಿದ್ದು! ಬಲಗಿವಿ ಹತ್ರ ಮಚ್ಚೆ ಇತ್ತಲ್ಲ, ಅವಳೇ ಅಂಕಲ್.”

ಮಚ್ಚೆ ಇದ್ದದ್ದು ನಿಜ. ಅದು ಬಲಗಿವಿಯ ಹತ್ತಿರವೋ ಎಡಗಿವಿಯ ಹತ್ತಿರವೋ ಮಾಮನಿಗೆ ಹೊಳೆಯಲಿಲ್ಲ. “ನಾಳೆ ಬಾಮ್ಮಾ” ಎಂದಷ್ಟೇ ಹೇಳಿದರು.

ಆ ದಿನ ಕೆಲಸ ಕೈಗೆ ಹತ್ತಲಿಲ್ಲ. ಮೆಷಿನ್‌ಗಳ ಜೊತೆ ಮಾತಾಡುವುದು ಅಂಗಡಿಯಲ್ಲಿ ಒಬ್ಬರೇ ಇದ್ದಾಗ. ಅದನ್ನು ಮಗಳು ಯಾವಾಗ ಕೇಳಿಸಿಕೊಂಡಳು? ಅಣಕಿಸಿದಳೆಂದರೆ ಅಪ್ಪನ ಮೇಲೆ ಸಿಟ್ಟೇ? ಮಗಳ ನಗು ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಕೇಳಿಸಿದ್ದು ಬರೀ ‘ಹೂಂ’.

ಅವರ ಹೆಂಡತಿ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸದವರು. ಸಂಜೆ ಅವರು ಬ್ಯಾಗು ಕೆಳಗಿಡುವಷ್ಟೂ ತಾಳದೆ ಮಾಮ ಕೇಳಿದರು, “ನಮ್ಮವಳು ನನ್ನನ್ನ ಅಣಕಿಸ್ತಿದ್ಲಾ?”

ಹೆಂಡತಿ ನಿಂತಲ್ಲೇ ನಿಂತರು. “ಅಣಕಿಸ್ದೆ ಇನ್ನೇನು? ಈ ಅಡುಗೆಮನೇಲಿ ಡಬ್ಬಿಗಳನ್ನೆಲ್ಲ ಮಾತಾಡಿಸೋಳು. ನಂಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗೋದು. ನೀವು ಮೆಟ್ಟಿಲು ಹತ್ತೋ ಸದ್ದು ಕೇಳಿದ್ರೆ ಸಾಕು, ಪುಸ್ತಕ ತಗೊಂಡು ಗೋಡೆಗೆ ಒರಗಿಬಿಡೋಳು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ನಿಮಗೆ ಗೊತ್ತು ಅಂದ್ಕೊಂಡಿದ್ದೆ. ಅವಳು ಹೋದ್ಮೇಲೆ ಯಾವ ಬಾಯಲ್ಲಿ ಹೇಳ್ಲಿ?”

“ನನ್ನ ಕಂಡ್ರೆ ಹೆದರಿಕೆನಾ ಅವಳಿಗೆ?”

“ನೀವೇನು ಹೊಡೆದೋರಲ್ಲ, ಬೈದೋರಲ್ಲ.” ಬ್ಯಾಗು ಕೆಳಗಿಟ್ಟು, “ಗೊತ್ತಿಲ್ಲರೀ, ನಾನೂ ಯಾವತ್ತೂ ಕೇಳ್ಲಿಲ್ಲ” ಎಂದರು.

ಮಾಮ ಬಿಡಲಿಲ್ಲ. “ಒಂದ್ಸಲ ಮಾಡಿ ತೋರ್ಸು.” ಹೆಂಡತಿ ಬೇಡವೆಂದರು, ನಾಚಿಕೊಂಡರು. ಕೊನೆಗೆ ಕತ್ತು ಓರೆ ಮಾಡಿ, ದಪ್ಪ ದನಿಯಲ್ಲಿ ಎಳೆದೆಳೆದು ಲೋಟವೊಂದನ್ನು ಮಾತಾಡಿಸಿದರು.

“ನಾನು ಹೀಗಾ ಮಾತಾಡೋದು?”

“ಅವಳು ಹೀಗೇ ಮಾಡ್ತಿದ್ದದ್ದು.”

ಮಾರನೇ ದಿನ ಮೆಷಿನ್ ಒಯ್ಯಲು ಬಂದ ಆ ಹೆಂಗಸನ್ನೂ ಕೇಳಿದರು. ಅವಳು ಮಾಡಿದ್ದು ಬೇರೆ: ಕತ್ತು ನೆಟ್ಟಗೆ, ಕಣ್ಣು ಅರೆಮುಚ್ಚಿ, ಗಡಿಬಿಡಿಯ ಮೂಗುದನಿ. ಎರಡಕ್ಕೂ ತಾಳೆಯೇ ಇಲ್ಲ. ಮಾಮ ಕಕ್ಕಾಬಿಕ್ಕಿಯಾದರು.

“ಕೋಪಕ್ಕೆ ಮಾಡ್ತಿದ್ಲಾಮ್ಮಾ, ಪ್ರೀತಿಗಾ?”

“ನಮಗಾಗ ಹತ್ತು ವರ್ಷ ಅಂಕಲ್. ನಗು ಬರೋದು, ನಗ್ತಿದ್ವಿ.” ಅವಳು ಮೆಷಿನ್ ಎತ್ತಿಕೊಂಡು ಹೊರಟವಳು ತಿರುಗಿದಳು. “ಆದ್ರೆ ಒಂದ್ಸಲ ನಾನು ನಿಮ್ಮ ಥರ ಮಾಡಿದ್ದಕ್ಕೆ ಕಂಪಾಸ್ ಬಾಕ್ಸಲ್ಲಿ ತಲೆಗೆ ಕೊಟ್ಲು. ‘ನಮ್ಮಪ್ಪನ ಥರ ನಾನು ಮಾತ್ರ ಮಾಡ್ಬೇಕು’ ಅಂದ್ಲು.”

ಅವಳು ಹೋದಮೇಲೂ ಮಾಮ ಅಲ್ಲೇ ನೋಡುತ್ತ ನಿಂತಿದ್ದರು. ಇಪ್ಪತ್ತು ವರ್ಷ ತಾವು ಅತ್ತದ್ದು ಯಾವ ಹುಡುಗಿಗಾಗಿ? ಆ ಗಲಾಟೆಯ ಹುಡುಗಿಗಾಗಿ ಅಳುವುದು ಇನ್ನೂ ಬಾಕಿಯೇ ಇದೆಯೇ?

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದರು, “ನಮ್ಮವಳು ಒಂದಿನ ಮಧ್ಯಾಹ್ನ ಅಂಗಡಿಗೆ ಬಂದಿದ್ಲು ಕಣೆ. ಸ್ಕೂಲಿಗೆ ರಜ ಅಂದ್ಲು. ಮೇಜಿನ ಕೆಳಗೆ ನುಸುಳಿ ಸಂಜೆವರೆಗೂ ಕೂತಿದ್ಲು. ನಾನು ಕೆಲಸದಲ್ಲಿ ಅವಳಿರೋದನ್ನೇ ಮರೆತು ಮೆಷಿನ್ ಜೊತೆ ಮಾತಾಡ್ತಿದ್ದೆ.”

“ರಜ ಇದ್ರೆ ನಂಗೆ ಗೊತ್ತಿರ್ತಿರ್ಲಿಲ್ವಾ? ಅವಳು ಒಂದಿನಾನೂ ಸ್ಕೂಲ್ ತಪ್ಪಿಸಿದೋಳಲ್ಲ. ಕನಸೇನಾದ್ರೂ ಬಿತ್ತಾ?”

“ಕನಸಲ್ಲ. ಅನ್ಸುತ್ತೆ.”

ಹೆಂಡತಿ ಒಲೆ ಆರಿಸಿ ಬಂದು ಅವರ ಎದುರಿಗೆ ನೆಲದ ಮೇಲೆ ಕೂತರು. “ಯಾವ ಫ್ರಾಕ್ ಹಾಕಿದ್ಲು?”

ಹಸಿರು ಎನ್ನಲು ಬಾಯಿ ತೆರೆದ ಮಾಮ ತಡೆದರು. ನೀಲಿಯೂ ಇರಬಹುದು. ಶಾಲೆಯ ಸಮವಸ್ತ್ರವೇ ಆಗಿತ್ತೋ ಏನೋ.

“ತಿಳೀತಿಲ್ಲ ಕಣೆ.”

“ಹೋಗ್ಲಿ, ತಿಳಿದಷ್ಟು ಹೇಳಿ” ಎಂದರು ಹೆಂಡತಿ. ಮಾಮನೂ ಕೆಳಗೆ ಕೂತು, ಮೇಜಿನ ಕೆಳಗೆ ಮೊದಲು ಕಾಣಿಸಿದ್ದು ಅವಳ ಚಪ್ಪಲಿ ಎಂದು ಶುರು ಮಾಡಿದರು.