ಮೂಲ ಲೇಖಕರ ಒಪ್ಪಿಗೆ ಪತ್ರ

ಆದೋನಿಯ ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿದ್ದುಕೊಂಡು ನಾನು ವೈಜ್ಞಾನಿಕ ಕಥೆ ಬರೆಯುತ್ತಿದ್ದೆ ಎಂದರೆ ಇವತ್ತಿಗೂ ಜನ ನಗುತ್ತಾರೆ. ನಗಲಿ. ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ದರ್ಜೆ ಹೇಳುವ ಮುದುಕರನ್ನು ದಿನವೂ ನೋಡುತ್ತಿದ್ದೆ. ಅವರಿಂದ ಕಸುಬು ಕಲಿತ ಯಂತ್ರವೊಂದು ಅವರ ಸುಳ್ಳನ್ನೂ ಕಲಿತುಬಿಟ್ಟರೆ? ನನ್ನ ಮೊದಲ ಕಥೆ ಅದು.

ಕನ್ನಡ ಪತ್ರಿಕೆಗಳು ಅದನ್ನು ವಾಪಸು ಕಳಿಸಿದವು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಕನ್ನಡ ಶಾಲೆಯಲ್ಲಿ ಓದಿದ ನನಗೆ ತೆಲುಗು ಮಾತು ಬರುತ್ತದೆ, ಬರೆಯಲು ಬಾರದು. ಬಾಲ್ಯದ ಗೆಳೆಯನೊಬ್ಬ ತೆಲುಗು ಮೇಷ್ಟ್ರಾಗಿದ್ದ. ಭಾನುವಾರ ಅವನ ಮನೆಯ ಕಟ್ಟೆಯ ಮೇಲೆ ಕೂತು ನಾನು ಕಥೆ ಓದುತ್ತಿದ್ದೆ, ಅವನು ಕೇಳುತ್ತಲೇ ತೆಲುಗಿನಲ್ಲಿ ಬರೆದುಕೊಳ್ಳುತ್ತಿದ್ದ.

ಕಥೆ ತೆಲುಗು ಮಾಸಿಕದಲ್ಲಿ ಬಂತು. ಅವನ ಹೆಸರೊಂದೇ ಇತ್ತು.

"ಪತ್ರಿಕೆಯವ್ರು ನಿನ್ನ ಹೆಸರು ಬಿಟ್ಟಾರಲೇ, ನಾ ಏನ್ ಮಾಡ್ಲಿ?" ಎಂದ.

ನಂಬಿದೆ. ಒಂಬತ್ತು ಕಥೆ ಹೀಗೇ ಬಂದವು, ಒಂಬತ್ತು ಸಲವೂ ನಂಬಿದೆ. ಹೆಸರಿಗಾಗಿ ಗೆಳೆಯನ ಜೊತೆ ಜಗಳ ತೆಗೆಯುವುದು ಸಣ್ಣತನ ಎಂದುಕೊಂಡ ದಡ್ಡ ನಾನು.

ಕೊನೆಗೆ ಬಳ್ಳಾರಿಯ ಪ್ರಕಾಶಕರೊಬ್ಬರು ಕಥೆಗಳನ್ನು ಕನ್ನಡದಲ್ಲಿ ಪುಸ್ತಕ ಮಾಡಲು ಒಪ್ಪಿದರು. ಐವತ್ತೆಂಟಕ್ಕೆ ಮೊದಲ ಪುಸ್ತಕ! ತಿಂಗಳಾಗುವುದರೊಳಗೆ ಅವರದೇ ಫೋನು ಬಂತು: "ತೆಲುಗು ಪತ್ರಿಕಿ ಓದೋರೊಬ್ರು ತೋರಿಸಿದ್ರು. ಇವು ತೆಲುಗು ಕಥೆಗಳ ಅನುವಾದ ಅಂತ ಮೊದ್ಲ ಹೇಳಬೇಕಿತ್ತಲ್ರಿ. ಮೂಲ ಲೇಖಕರ ಒಪ್ಪಿಗೆ ಪತ್ರ ಬೇಕು."

ನನ್ನ ಹತ್ತಿರ ಇದ್ದದ್ದು ತಾರೀಖಿಲ್ಲದ ನೋಟುಬುಕ್ಕುಗಳು. ಅವನ ಹತ್ತಿರ ಅಚ್ಚಾದ ಪತ್ರಿಕೆಗಳು.

ಅವನ ಮನೆಗೆ ಹೋಗಿ, ನಿಜ ಏನೆಂದು ಒಂದು ಸಾಲು ಬರೆದುಕೊಡು ಎಂದೆ. ಚಹಾ ತರಿಸಿದ. ಹಾಳೆ ತೆಗೆದು ಮುದ್ದಾಗಿ ಬರೆದು ಸಹಿ ಹಾಕಿ ಕೊಟ್ಟ. ತನ್ನ ಕಥೆಗಳನ್ನು ಕನ್ನಡಕ್ಕೆ ತರಲು ನನಗೆ ಸಂತೋಷದಿಂದ ಅನುಮತಿ ಕೊಟ್ಟಿದ್ದ!

"ದೋಸ್ತ್ ಅಂತ ಕೊಟ್ಟೀನಿ. ಬ್ಯಾರೆ ಯಾರಾರ ಕೇಳಿದ್ರ ಕೊಡ್ತಿದ್ದಿಲ್ಲ ನೋಡು," ಎಂದ.

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ. ಉಂಡ ಮನೆಯನ್ನೇ ಅದರ ಒಡೆಯನಿಗೆ ಬಾಡಿಗೆಗೆ ಕೊಡುವವನನ್ನು ಕಂಡದ್ದು ಅವತ್ತೇ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

"ಹರದು ಒಲೀಗೆ ಹಾಕ್ರಿ," ಎಂದಳು ಹೆಂಡತಿ.

ಹಾಕಬೇಕಿತ್ತು. ಆದರೆ ಇನ್ನೊಬ್ಬ ಪ್ರಕಾಶಕ ಸಿಗುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಕಥೆಗಳನ್ನು ಕನ್ನಡದ ಅಚ್ಚಿನಲ್ಲಿ ನೋಡುವ ಆಸೆ ಮಾನಕ್ಕಿಂತ ದೊಡ್ಡದಾಗಿತ್ತು. ಮರುದಿನ ಪತ್ರವನ್ನು ಅಂಚೆಗೆ ಹಾಕಿದೆ.

ಪುಸ್ತಕ ಬಂದಿದೆ. ಮೇಲೆ ಅವನ ಹೆಸರು, ಕೆಳಗೆ ಅನುವಾದಕ ಎಂದು ನನ್ನದು. ಒಂಬತ್ತು ಸಲ ಕದ್ದವನು ಅವನು. ಹತ್ತನೆಯ ಸಲ ನಾನೇ ಕೊಟ್ಟೆ.